ಕಂಪ್ಯೂಟರ್ ತೆರೆದೊಡನೆ ತಾವಾಗಿಯೇ ಶುರುವಾಗುವ ತಂತ್ರಾಂಶಗಳು: ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಬಿಡಬೇಕು?

ತುಂಗಾತೀರ
ನಮ್ಮ ಮನೆಯಲ್ಲಿರುವುದು 4 ಜಿಬಿ ರ‍್ಯಾಮ್ ಮತ್ತು ತಿರುಗುವ ಹಾರ್ಡ್‌ಡಿಸ್ಕ್ ಇರುವ ವಿಂಡೋಸ್ 10 ಲ್ಯಾಪ್‌ಟಾಪ್. ಪಾಸ್‌ವರ್ಡ್ ಕೊಟ್ಟ ಕೂಡಲೇ ಪರದೆ ಬರುತ್ತದೆ, ಆದರೆ ಯಾವ ಫೈಲನ್ನು ಒತ್ತಿದರೂ ತೆರೆಯುವುದಿಲ್ಲ. ಹಾರ್ಡ್‌ಡಿಸ್ಕಿನ ದೀಪ ಬಹಳ ಹೊತ್ತು ಉರಿಯುತ್ತಲೇ ಇರುತ್ತದೆ. ಕೆಳಗೆ ಬಲ ಮೂಲೆಯಲ್ಲಿ, ಗಡಿಯಾರದ ಪಕ್ಕ, ಐಕಾನುಗಳ ಸಾಲೇ ನಿಂತಿದೆ. ಪ್ರಿಂಟರಿನ ಶಾಯಿ ನೋಡಿಕೊಳ್ಳುವುದೊಂದು, ಧ್ವನಿಯದೊಂದು, ಮಗಳ ಆನ್‌ಲೈನ್ ತರಗತಿಗಾಗಿ ಹಾಕಿಸಿದ ಮೀಟಿಂಗ್ ತಂತ್ರಾಂಶ ಒಂದು, ಲ್ಯಾಪ್‌ಟಾಪಿನ ಜೊತೆಗೇ ಬಂದು ಈಗ ಹಣ ಕೇಳುತ್ತಿರುವ ಆ್ಯಂಟಿವೈರಸ್ ಒಂದು. ಟಾಸ್ಕ್‌ಬಾರ್ ಸೆಟ್ಟಿಂಗಿಗೆ ಹೋಗಿ ಅವೆಲ್ಲವನ್ನೂ ಆಫ್ ಮಾಡಿದೆ. ಮೂಲೆ ಚೊಕ್ಕಟವಾಯಿತು, ವೇಗ ಮಾತ್ರ ಇದ್ದಲ್ಲೇ ಇದೆ. ಇವನ್ನು ನಿಜವಾಗಿ ತೆಗೆಯುವುದು ಹೇಗೆ ಮತ್ತು ತೆಗೆದರೆ ತೊಂದರೆಯಾಗುವಂಥವು ಯಾವುವು ಎಂಬುದನ್ನು ಬಲ್ಲವರು ತಿಳಿಸಬೇಕು.

ಹಳೆಯ ವಿಂಡೋಸಿಗ
ನೀವು ಆಫ್ ಮಾಡಿದ್ದು ಐಕಾನನ್ನು, ತಂತ್ರಾಂಶವನ್ನಲ್ಲ. ಆ ಸೆಟ್ಟಿಂಗ್ ಕಣ್ಣಿಗೆ ಕಾಣುವುದನ್ನು ಮರೆಮಾಡುತ್ತದೆಯೇ ಹೊರತು ಒಳಗೆ ನಡೆಯುತ್ತಿರುವುದನ್ನು ಮುಟ್ಟುವುದಿಲ್ಲ. ಮೊದಲು ಅವೆಲ್ಲವನ್ನೂ ಮತ್ತೆ ಕಾಣುವಂತೆ ಮಾಡಿಕೊಳ್ಳಿ, ಏಕೆಂದರೆ ಏನೇನು ಓಡುತ್ತಿದೆ ಎಂದು ತಿಳಿಯಲು ನಿಮಗಿರುವ ಅತ್ಯಂತ ಸುಲಭದ ಸುಳಿವು ಆ ಸಾಲೇ.

ಆಮೇಲೆ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದು ಚಿಕ್ಕ ಕಿಟಕಿಯಾಗಿ ಬಂದರೆ ‘ಮೋರ್ ಡೀಟೇಲ್ಸ್’ ಒತ್ತಿ, ‘ಸ್ಟಾರ್ಟಪ್’ ಪುಟಕ್ಕೆ ಹೋಗಿ, ಬೇಡವಾದುದರ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಡಿಸೇಬಲ್’ ಕೊಡಿ. ವಿಂಡೋಸ್ 7ರವರೆಗೆ ಇದೇ ಕೆಲಸಕ್ಕೆ ವಿಂಡೋಸಿನದೇ ಸಲಕರಣೆಯಾದ ಎಂಎಸ್‌ಕಾನ್ಫಿಗ್ ಬಳಸುತ್ತಿದ್ದೆವು. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ಆ ಪುಟ ಟಾಸ್ಕ್ ಮ್ಯಾನೇಜರಿನೊಳಗೆ ಸೇರಿದೆ. ಡಿಸೇಬಲ್ ಮಾಡಿದ್ದು ಅಳಿಸಿಹೋಗುವುದಿಲ್ಲ, ಬೇಕೆನಿಸಿದ ದಿನ ಅಲ್ಲಿಯೇ ‘ಎನೇಬಲ್’ ಒತ್ತಬಹುದು.

ಕೊನೆಯ ಬೆಂಚು
ಇಷ್ಟೆಲ್ಲ ಯೋಚನೆ ಏಕೆ ಸ್ವಾಮಿ, ಪಟ್ಟಿಯಲ್ಲಿರುವ ಎಲ್ಲವನ್ನೂ ಡಿಸೇಬಲ್ ಮಾಡಿ ರೀಸ್ಟಾರ್ಟ್ ಕೊಟ್ಟರೆ ಮುಗಿಯಿತು.

ಅಕ್ಷರ ಜೋಡಣೆ
ಇಂಥ ಸಲಹೆ ಕೊಡುವವರ ಮನೆಯಲ್ಲಿ ಕನ್ನಡದಲ್ಲಿ ಟೈಪಿಸುವವರು ಇರಲಿಕ್ಕಿಲ್ಲ. ನಾನು ಡಿಟಿಪಿ ಕೆಲಸ ಮಾಡುವವಳು. ನುಡಿ, ಬರಹದಂಥ ತಂತ್ರಾಂಶಗಳು ಹಿನ್ನೆಲೆಯಲ್ಲಿ ಓಡುತ್ತಿದ್ದು, ನಾವು ಒತ್ತುವ ಕೀಲಿಯನ್ನು ಹಿಡಿದು ಅದನ್ನು ಕನ್ನಡ ಅಕ್ಷರವಾಗಿ ಬದಲಾಯಿಸಿ ಮುಂದಕ್ಕೆ ಕೊಡುತ್ತವೆ. ಅವು ಶುರುವಾಗದಿದ್ದರೆ, ನುಡಿಯಲ್ಲಿ ಭಾಷೆ ಬದಲಾಯಿಸುವ ಸ್ಕ್ರಾಲ್ ಲಾಕ್ ಅನ್ನು ಎಷ್ಟು ಸಲ ಒತ್ತಿದರೂ ಪರದೆಯ ಮೇಲೆ ಬರುವುದು ಇಂಗ್ಲಿಷ್ ಅಕ್ಷರವೇ. ಪಕ್ಕದ ಮನೆಯ ಹುಡುಗನೊಬ್ಬ ಹೀಗೆಯೇ ‘ಕ್ಲೀನ್’ ಮಾಡಿಕೊಟ್ಟ ಕಂಪ್ಯೂಟರುಗಳನ್ನು ನನ್ನ ಹತ್ತಿರ ತಂದು, ಫಾಂಟ್ ಹಾಳಾಗಿದೆ, ಸರಿಪಡಿಸಿ ಎಂದು ಕೇಳಿದವರಿದ್ದಾರೆ. ಫಾಂಟಿಗೆ ಏನೂ ಆಗಿರುವುದಿಲ್ಲ.

ಕೊನೆಯ ಬೆಂಚು
ಮೇಡಂ, ಟೈಪಿಸಬೇಕಾದಾಗ ಡೆಸ್ಕ್‌ಟಾಪಿನಿಂದ ಅದನ್ನು ತೆರೆದುಕೊಂಡರೆ ಆಗುವುದಿಲ್ಲವೇ? ವಿಂಡೋಸ್ 10ರಲ್ಲಿ 2019ರ ಅಪ್‌ಡೇಟಿನಿಂದ ಕನ್ನಡದ ಫೊನೆಟಿಕ್ ಕೀಲಿಮಣೆಯೂ ಒಳಗೇ ಇದೆ. ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಅದಕ್ಕೆ ಬೇರೆ ಐಕಾನೂ ಬೇಡ, ಸ್ಟಾರ್ಟಪ್ ಪಟ್ಟಿಯಲ್ಲಿ ಜಾಗವೂ ಬೇಡ.

ಅಕ್ಷರ ಜೋಡಣೆ
ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಯೂನಿಕೋಡ್ ಅಕ್ಷರ ಸಂಕೇತವನ್ನು ಮಾತ್ರ ಬಳಸುವವರಿಗೆ ಆ ಮಾತು ಒಪ್ಪುತ್ತದೆ. ಆದರೆ ಮುದ್ರಣಕ್ಕೆ ಹೋಗುವ ಹಳೆಯ ಫೈಲುಗಳು ಯೂನಿಕೋಡ್ ಅಲ್ಲದ ಫಾಂಟಿನಲ್ಲಿವೆ, ಅವುಗಳಲ್ಲಿ ಒಂದು ಒತ್ತಕ್ಷರ ತಿದ್ದಬೇಕಾದರೂ ಆಯಾ ತಂತ್ರಾಂಶವೇ ಬೇಕು. ನನ್ನಂಥವರಿಗೆ ದಿನವಿಡೀ ಬೇಕಾಗುವುದನ್ನು ಪ್ರತಿದಿನ ಕೈಯಿಂದ ತೆರೆಯುವುದರಲ್ಲಿ ಯಾವ ಉಳಿತಾಯವೂ ಇಲ್ಲ. ‘ಎಲ್ಲವನ್ನೂ’ ಎನ್ನಬೇಡಿ ಎಂಬುದಷ್ಟೇ ನನ್ನ ವಾದ.

ರಿಪೇರಿ ಅಂಗಡಿ
ಇಬ್ಬರೂ ಐಕಾನಿನ ಸುತ್ತಲೇ ಜಗಳವಾಡುತ್ತಿದ್ದೀರಿ. ಪ್ರಶ್ನೆ ಕೇಳಿದವರ ಲ್ಯಾಪ್‌ಟಾಪಿನಲ್ಲಿ ತಿರುಗುವ ಹಾರ್ಡ್‌ಡಿಸ್ಕ್ ಇದೆ, ಮೂಲ ತೊಂದರೆ ಅದು. ಲಾಗಿನ್ ಆದ ಕೂಡಲೇ ಎಲ್ಲ ತಂತ್ರಾಂಶಗಳೂ ಏಕಕಾಲಕ್ಕೆ ತಮ್ಮ ತಮ್ಮ ಚಿಕ್ಕ ಚಿಕ್ಕ ಫೈಲುಗಳನ್ನು ಕೇಳುತ್ತವೆ, ಆ ಫೈಲುಗಳು ತಟ್ಟೆಯ ಮೇಲೆ ಅಲ್ಲೊಂದು ಇಲ್ಲೊಂದು ಇರುತ್ತವೆ, ಓದುವ ಮುಳ್ಳು ಪ್ರತಿಯೊಂದಕ್ಕೂ ಓಡಾಡಬೇಕು. ಅಂಥ ಡಿಸ್ಕ್ ಸೆಕೆಂಡಿಗೆ ನೂರರ ಆಸುಪಾಸಿನಷ್ಟು ಚದುರಿದ ಓದುಗಳನ್ನು ಮಾಡಬಲ್ಲದು, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯಾದರೆ ಹತ್ತಾರು ಸಾವಿರ. ಅಂಗಡಿಗೆ ನಿಧಾನ ಎಂದು ಬರುವ ಹಳೆಯ ಲ್ಯಾಪ್‌ಟಾಪುಗಳಿಗೆ ನಾನು ಮೊದಲು ಹೇಳುವುದು ಎಸ್‌ಎಸ್‌ಡಿ, ಆಮೇಲೆ ಇನ್ನೊಂದು 4 ಜಿಬಿ ರ‍್ಯಾಮ್. ಪಟ್ಟಿ ಸವರುವುದು ಅದರ ನಂತರದ ಮಾತು.

ಹಾಟ್‌ಸ್ಪಾಟ್ ಸಂಸಾರಿ
ಅಂಗಡಿಯವರು ಎಸ್‌ಎಸ್‌ಡಿ ಮಾರುವವರಾದ್ದರಿಂದ ಅದನ್ನೇ ಹೇಳುತ್ತಾರೆ ಎಂದು ಬರೆಯಬೇಕೆನಿಸಿತ್ತು, ಆದರೆ ಅವರ ಲೆಕ್ಕ ಸರಿಯಾಗಿಯೇ ಇದೆ. ಆದರೂ ಎಸ್‌ಎಸ್‌ಡಿ ಪರಿಹರಿಸದ ಸಂಗತಿಯೊಂದಿದೆ. ನಮ್ಮ ಊರಿನ ಕಡೆ ಇಂಟರ್ನೆಟ್ ಎಂದರೆ ಮೊಬೈಲಿನ ಹಾಟ್‌ಸ್ಪಾಟ್, ಅದರಲ್ಲಿ ದಿನಕ್ಕಿಷ್ಟು ಜಿಬಿ ಎಂಬ ಮಿತಿ. ಹಿನ್ನೆಲೆಯಲ್ಲಿ ಕುಳಿತ ಅಪ್‌ಡೇಟ್ ತಂತ್ರಾಂಶಗಳು ಮತ್ತು ಫೋಟೋಗಳನ್ನು ಮೇಲಕ್ಕೆ ಕಳುಹಿಸುವ ಕ್ಲೌಡ್ ತಂತ್ರಾಂಶಗಳು ಆ ಮಿತಿಯನ್ನು ಮಧ್ಯಾಹ್ನದೊಳಗೆ ಮುಗಿಸಿಬಿಟ್ಟರೆ ಕಂಪ್ಯೂಟರ್ ಎಷ್ಟು ವೇಗವಾಗಿದ್ದು ಏನು ಪ್ರಯೋಜನ? ಆದ್ದರಿಂದ ಹಾಟ್‌ಸ್ಪಾಟಿನವರು ವೈಫೈ ಸೆಟ್ಟಿಂಗಿನಲ್ಲಿ ಆ ಸಂಪರ್ಕವನ್ನು ‘ಮೀಟರ್ಡ್’ (ಮಿತಿಯುಳ್ಳದ್ದು) ಎಂದು ಗುರುತಿಸಿಕೊಳ್ಳಿ; ವಿಂಡೋಸ್ ತನ್ನ ಬಹುಪಾಲು ಅಪ್‌ಡೇಟುಗಳನ್ನು ತಡೆಹಿಡಿಯುತ್ತದೆ, ಒನ್‌ಡ್ರೈವ್ ಕೂಡ ಸಿಂಕ್ ಮಾಡುವುದನ್ನು ನಿಲ್ಲಿಸುತ್ತದೆ. ಉಳಿದ ತಂತ್ರಾಂಶಗಳು ಆ ಗುರುತಿಗೆ ಬೆಲೆ ಕೊಡಬೇಕೆಂದಿಲ್ಲ, ಅವನ್ನು ಸ್ಟಾರ್ಟಪ್ಪಿನಿಂದಲೇ ತೆಗೆಯಬೇಕು.

ತುಂಗಾತೀರ
ಎಲ್ಲರಿಗೂ ವಂದನೆಗಳು. ಎಸ್‌ಎಸ್‌ಡಿ ಹಾಕಿಸುವ ಯೋಚನೆ ಇದೆ, ಆದರೆ ಈ ತಿಂಗಳು ಆಗದು. ಟಾಸ್ಕ್ ಮ್ಯಾನೇಜರಿನ ಪಟ್ಟಿ ನೋಡಿದೆ. ಎದುರಿಗೆ ‘ಸ್ಟಾರ್ಟಪ್ ಇಂಪ್ಯಾಕ್ಟ್’ ಎಂಬ ಸಾಲಿನಲ್ಲಿ ಕೆಲವಕ್ಕೆ ‘ಹೈ’ ಎಂದಿದೆ, ಕೆಲವಕ್ಕೆ ‘ಲೋ’, ಕೆಲವಕ್ಕೆ ಅಳೆದೇ ಇಲ್ಲ ಎಂದಿದೆ. ಹೈ ಇರುವುದನ್ನು ಮಾತ್ರ ನಿಲ್ಲಿಸಿದರೆ ಸಾಕೆ? ಇನ್ನು, ಒಂದು ಸಾಲಿನಲ್ಲಿ ಬರೀ ‘ಪ್ರೋಗ್ರಾಮ್’ ಎಂದಿದೆ, ಯಾರು ತಯಾರಿಸಿದ್ದು ಎಂಬುದೂ ಇಲ್ಲ, ಐಕಾನೂ ಖಾಲಿ. ಅದು ವೈರಸ್ಸೇ?

ಅಳೆದು ನೋಡುವವ
ಆ ಮಾಪನದ ಗುಟ್ಟು ಇಷ್ಟು. ಶುರುವಾಗುವಾಗ 1 ಸೆಕೆಂಡಿಗಿಂತ ಹೆಚ್ಚು ಸಿಪಿಯು ಸಮಯವನ್ನಾಗಲಿ, 3 ಎಂಬಿಗಿಂತ ಹೆಚ್ಚು ಡಿಸ್ಕ್ ಓದು-ಬರಹವನ್ನಾಗಲಿ ತೆಗೆದುಕೊಂಡದ್ದು ‘ಹೈ’. ಸಿಪಿಯು 300 ಮಿಲಿಸೆಕೆಂಡಿಗಿಂತಲೂ ಡಿಸ್ಕ್ 300 ಕೆಬಿಗಿಂತಲೂ ಕಡಿಮೆ ಇದ್ದರೆ ‘ಲೋ’. ನಡುವಿನದು ‘ಮೀಡಿಯಂ’. ಇಂದಿನ ತಂತ್ರಾಂಶಗಳ ಗಾತ್ರದಲ್ಲಿ 3 ಎಂಬಿ ಎಂಬುದು ಏನೂ ಅಲ್ಲ, ಹಾಗಾಗಿ 4 ಎಂಬಿ ಓದಿದ್ದಕ್ಕೂ 400 ಎಂಬಿ ಓದಿದ್ದಕ್ಕೂ ಒಂದೇ ಹಣೆಪಟ್ಟಿ ಬೀಳುತ್ತದೆ. ಹೈ ಎಂದಿರುವುದೆಲ್ಲ ಕೆಟ್ಟದ್ದೂ ಅಲ್ಲ, ಲೋ ಎಂದಿರುವುದೆಲ್ಲ ಬೇಕಾದದ್ದೂ ಅಲ್ಲ. ಮೇಲುಗಡೆ ಬಲಕ್ಕೆ ‘ಲಾಸ್ಟ್ ಬಯಾಸ್ ಟೈಮ್’ ಎಂದು ಕೆಲವು ಸೆಕೆಂಡುಗಳ ಲೆಕ್ಕ ಕಾಣುತ್ತದಲ್ಲ, ಅದು ವಿಂಡೋಸ್ ಶುರುವಾಗುವುದಕ್ಕೂ ಮೊದಲಿನ ಹೊತ್ತು; ಈ ಪಟ್ಟಿಯಲ್ಲಿ ನೀವು ಏನೇ ಮಾಡಿದರೂ ಅದು ಬದಲಾಗುವುದಿಲ್ಲ.

ಹಳೆಯ ವಿಂಡೋಸಿಗ
‘ಪ್ರೋಗ್ರಾಮ್’ ಎಂಬ ಅನಾಮಧೇಯ ಸಾಲು ಹೆಚ್ಚಿನ ಸಂದರ್ಭಗಳಲ್ಲಿ ವೈರಸ್ಸಲ್ಲ. ಯಾವುದೋ ತಂತ್ರಾಂಶವನ್ನು ಅನ್‌ಇನ್‌ಸ್ಟಾಲ್ ಮಾಡಿದಾಗ ಅದರ ಫೈಲು ಹೋಗಿದೆ, ಅದನ್ನು ಶುರುಮಾಡಬೇಕೆಂಬ ನಮೂದು ಮಾತ್ರ ಉಳಿದಿದೆ. ನಮೂದಿನಲ್ಲಿರುವ ವಿಳಾಸಕ್ಕೆ ಉದ್ಧರಣ ಚಿಹ್ನೆ ಹಾಕಿರದಿದ್ದರೆ, ‘ಪ್ರೋಗ್ರಾಮ್ ಫೈಲ್ಸ್’ ಎಂಬ ಫೋಲ್ಡರಿನ ಹೆಸರಿನಲ್ಲಿ ಮೊದಲ ಪದದ ನಂತರ ಅಂತರ ಬರುವುದರಿಂದ, ವಿಂಡೋಸ್ ಅಲ್ಲಿಗೇ ಓದುವುದನ್ನು ನಿಲ್ಲಿಸಿ ಆ ಮೊದಲ ಪದವನ್ನೇ ತಂತ್ರಾಂಶದ ಹೆಸರೆಂದು ತೋರಿಸುತ್ತದೆ. ಆದರೂ ಊಹೆಯ ಮೇಲೆ ಬಿಡಬೇಡಿ. ಪಟ್ಟಿಯ ತಲೆಸಾಲಿನ ಮೇಲೆ ಬಲಗುಂಡಿ ಒತ್ತಿ ‘ಕಮಾಂಡ್ ಲೈನ್’ ಆರಿಸಿಕೊಂಡರೆ ಪೂರ್ತಿ ವಿಳಾಸ ಕಾಣುತ್ತದೆ. ವಿಳಾಸದ ಜಾಗದಲ್ಲಿ ನೀವೇ ಅಳಿಸಿದ ತಂತ್ರಾಂಶದ ಹೆಸರಿದ್ದರೆ ಚಿಂತೆಯಿಲ್ಲ; ತಾತ್ಕಾಲಿಕ ಫೈಲುಗಳ ಟೆಂಪ್ ಫೋಲ್ಡರಿನಿಂದ ಅರ್ಥವಿಲ್ಲದ ಅಕ್ಷರಗಳ ಹೆಸರಿನ ಫೈಲೊಂದು ಓಡುತ್ತಿದ್ದರೆ ಆಗ ಚಿಂತಿಸಿ.

ಲೆಕ್ಕಪತ್ರ
ಇಲ್ಲಿ ಯಾರೂ ಹೇಳದ ಒಂದು ವರ್ಗವನ್ನು ಸೇರಿಸಬೇಕಾಗಿದೆ. ಜಿಎಸ್‌ಟಿ, ಆದಾಯ ತೆರಿಗೆ ಅಥವಾ ಸರ್ಕಾರಿ ಟೆಂಡರ್ ಕೆಲಸಕ್ಕೆ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರ ಕಂಪ್ಯೂಟರಿನಲ್ಲಿ ಎರಡು ಬಗೆಯ ತಂತ್ರಾಂಶ ಇರುತ್ತದೆ. ಒಂದು ಟೋಕನ್ನಿನ ಡ್ರೈವರಿನ ಜೊತೆ ಬರುವುದು, ಇನ್ನೊಂದು ಬ್ರೌಸರಿಗೂ ಟೋಕನ್ನಿಗೂ ನಡುವೆ ಸೇತುವೆಯಾಗಿ ನಿಲ್ಲುವುದು. ವೆಬ್‌ಸೈಟು ನೇರವಾಗಿ ಯುಎಸ್‌ಬಿ ಟೋಕನ್ನನ್ನು ಮುಟ್ಟಲಾರದು, ಅದು ನಮ್ಮ ಕಂಪ್ಯೂಟರಿನಲ್ಲೇ ಓಡುತ್ತಿರುವ ಈ ಸಹಾಯಕನೊಡನೆ ಮಾತನಾಡುತ್ತದೆ. ಅದನ್ನು ಸ್ಟಾರ್ಟಪ್ಪಿನಿಂದ ತೆಗೆದಿದ್ದರೆ ಟೋಕನ್ ಸಿಕ್ಕಿಸಿದ್ದರೂ ಸಹಿ ಆಗುವುದಿಲ್ಲ, ಮತ್ತು ಅದು ತಿಳಿಯುವುದು ಕೊನೆಯ ದಿನಾಂಕದ ರಾತ್ರಿಯೇ. ರಿಟರ್ನ್ ಸಲ್ಲಿಸುವುದು ತಿಂಗಳಿಗೊಮ್ಮೆಯಾದ್ದರಿಂದ, ಡಿಸೇಬಲ್ ಮಾಡುವವರು ಅಗತ್ಯ ಬಿದ್ದಾಗ ಅದನ್ನು ಎಲ್ಲಿಂದ ತೆರೆಯಬೇಕೆಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ.

ದೂರದ ಮಗ
ನಾನು ಅಮೆರಿಕದಲ್ಲಿದ್ದೇನೆ, ಅಪ್ಪ ಅಮ್ಮ ಮೈಸೂರಿನಲ್ಲಿದ್ದಾರೆ. ಅವರ ಕಂಪ್ಯೂಟರನ್ನು ಇಲ್ಲಿಂದಲೇ ನೋಡಿಕೊಳ್ಳಲು ಒಂದು ರಿಮೋಟ್ ತಂತ್ರಾಂಶವನ್ನು ಹಾಕಿಟ್ಟಿದ್ದೇನೆ, ಅದರ ಐಕಾನ್ ಆ ಸಾಲಿನಲ್ಲೇ ಇರುತ್ತದೆ. ಅದನ್ನು ನಿಲ್ಲಿಸಿದರೆ ನಾನು ಫೋನಿನಲ್ಲಿ ‘ಅಪ್ಪಾ, ಎಡಗಡೆ ಕೆಳಗೆ ಒತ್ತು’ ಎಂದು ಅರ್ಧ ರಾತ್ರಿ ಕಳೆಯಬೇಕಾಗುತ್ತದೆ. ಇಂಥದ್ದನ್ನೂ ಬಿಡುವ ಪಟ್ಟಿಗೆ ಸೇರಿಸಿ.

ರಿಪೇರಿ ಅಂಗಡಿ
ಸೇರಿಸೋಣ, ಆದರೆ ಷರತ್ತಿನೊಡನೆ. ಮಗ ಹಾಕಿಟ್ಟದ್ದು ಎಂದು ಮನೆಯವರಿಗೆ ಗೊತ್ತಿದ್ದರೆ ಮಾತ್ರ ಅದು ಇರಲಿ. ಕಸ್ಟಮರ್ ಕೇರ್ ಎಂದು ಹೇಳಿಕೊಂಡು ಫೋನ್ ಮಾಡಿದವರ ಮಾತು ಕೇಳಿ ಹಾಕಿಕೊಂಡ ರಿಮೋಟ್ ತಂತ್ರಾಂಶ ತಿಂಗಳುಗಟ್ಟಲೆ ಓಡುತ್ತಿದ್ದ ಕಂಪ್ಯೂಟರುಗಳು ನನ್ನ ಮೇಜಿಗೆ ಬಂದಿವೆ. ಎನಿಡೆಸ್ಕ್‌ನಂಥ ಆ್ಯಪನ್ನು ವಂಚಕರು ದುರ್ಬಳಕೆ ಮಾಡುತ್ತಿರುವುದರ ಬಗ್ಗೆ 2019ರ ಫೆಬ್ರವರಿಯಲ್ಲೇ ರಿಸರ್ವ್ ಬ್ಯಾಂಕ್ ಎಚ್ಚರಿಕೆ ನೀಡಿತ್ತು. ತಂತ್ರಾಂಶ ಕೆಟ್ಟದ್ದಲ್ಲ, ಅದನ್ನು ಯಾರು ಹಾಕಿಸಿದರು ಎಂಬುದು ಮುಖ್ಯ. ಯಾರು ಹಾಕಿದ್ದೆಂದು ಮನೆಯಲ್ಲಿ ಯಾರಿಗೂ ತಿಳಿಯದ ರಿಮೋಟ್ ತಂತ್ರಾಂಶ ಕಂಡರೆ ಡಿಸೇಬಲ್ ಸಾಲದು, ಇಂಟರ್ನೆಟ್ ಕಿತ್ತು, ಅನ್‌ಇನ್‌ಸ್ಟಾಲ್ ಮಾಡಿ, ಬೇರೆ ಸಾಧನದಿಂದ ಬ್ಯಾಂಕಿನ ಪಾಸ್‌ವರ್ಡುಗಳನ್ನು ಬದಲಾಯಿಸಿ.

ತುಂಗಾತೀರ
ಪ್ರಿಂಟರಿನ ಶಾಯಿಯದು, ಮೀಟಿಂಗಿನದು ಮತ್ತು ಸಂಗೀತದ ಆ್ಯಪ್ ಈ ಮೂರನ್ನು ಡಿಸೇಬಲ್ ಮಾಡಿದೆ, ಪ್ರಿಂಟ್ ಎಂದಿನಂತೆ ಬರುತ್ತಿದೆ. ಬ್ರೌಸರನ್ನೂ ಡಿಸೇಬಲ್ ಮಾಡಿದ್ದೆ. ಆದರೆ ಲಾಗಿನ್ ಆದ ಮೇಲೆ ನಿನ್ನೆ ತೆರೆದಿದ್ದ ಬ್ರೌಸರ್ ಕಿಟಕಿ ಮತ್ತೆ ತಾನಾಗಿಯೇ ತೆರೆದುಕೊಂಡಿತು. ಸ್ಟಾರ್ಟಪ್ ಪಟ್ಟಿಯಲ್ಲಿ ಅದು ಡಿಸೇಬಲ್ಡ್ ಎಂದೇ ಇದೆ. ಇದು ಹೇಗೆ ಸಾಧ್ಯ?

ಅಳೆದು ನೋಡುವವ
ಅದು ಸ್ಟಾರ್ಟಪ್ ಪಟ್ಟಿಯ ಕೆಲಸವಲ್ಲ. ಸೆಟ್ಟಿಂಗಿನಲ್ಲಿ ‘ಅಕೌಂಟ್ಸ್’, ಅದರೊಳಗೆ ‘ಸೈನ್-ಇನ್ ಆಪ್ಷನ್ಸ್’ ತೆರೆದು ನೋಡಿ. ಲಾಗ್ ಔಟ್ ಆಗುವಾಗ ತೆರೆದಿದ್ದ ಆ್ಯಪುಗಳನ್ನು ನೆನಪಿಟ್ಟುಕೊಂಡು ಮುಂದಿನ ಲಾಗಿನ್‌ನಲ್ಲಿ ಮತ್ತೆ ತೆರೆಯುವ ‘ರೀಸ್ಟಾರ್ಟ್ ಆ್ಯಪ್ಸ್’ ಎಂಬ ಗುಂಡಿ ಅಲ್ಲಿದೆ, ಅದನ್ನು ಆಫ್ ಮಾಡಿ. ಇನ್ನೊಂದು, ಕ್ರೋಮ್ ಮತ್ತು ಎಡ್ಜ್ ಎರಡರಲ್ಲೂ ಕಿಟಕಿ ಮುಚ್ಚಿದ ಮೇಲೂ ಹಿನ್ನೆಲೆಯ ಆ್ಯಪುಗಳು ಓಡುತ್ತಲೇ ಇರಲಿ ಎಂಬ ಸೆಟ್ಟಿಂಗ್ ಅವುಗಳ ‘ಸಿಸ್ಟಮ್’ ವಿಭಾಗದಲ್ಲಿದೆ. ಎಡ್ಜ್‌ನಲ್ಲಿ ಅದರ ಜೊತೆಗೆ ಬ್ರೌಸರನ್ನು ಮೊದಲೇ ಹಿನ್ನೆಲೆಯಲ್ಲಿ ಸಿದ್ಧವಾಗಿಡುವ ‘ಸ್ಟಾರ್ಟಪ್ ಬೂಸ್ಟ್’ ಕೂಡ ಇದೆ. 4 ಜಿಬಿ ರ‍್ಯಾಮಿನವರು ಇವೆಲ್ಲವನ್ನೂ ಆಫ್ ಮಾಡಿಕೊಳ್ಳುವುದು ಲೇಸು.

ಹಳೆಯ ವಿಂಡೋಸಿಗ
ಇದಕ್ಕೇ ನಾನು ಯಾವಾಗಲೂ ಹೇಳುವುದು, ತಂತ್ರಾಂಶದ ಸ್ವಂತ ಸೆಟ್ಟಿಂಗಿನಲ್ಲಿ ‘ವಿಂಡೋಸ್ ಜೊತೆಗೆ ಶುರುವಾಗಲಿ’ ಎಂಬ ಟಿಕ್ಕನ್ನು ಮೊದಲು ತೆಗೆಯಿರಿ, ಅದು ಸಿಗದಿದ್ದರೆ ಮಾತ್ರ ಟಾಸ್ಕ್ ಮ್ಯಾನೇಜರಿಗೆ ಹೋಗಿ ಎಂದು. ಹೊರಗಿನಿಂದ ನಿಲ್ಲಿಸಿದ್ದನ್ನು ಕೆಲವು ತಂತ್ರಾಂಶಗಳು ಮುಂದಿನ ಅಪ್‌ಡೇಟಿನಲ್ಲಿ ಹೊಸ ನಮೂದು ಬರೆದು ಮತ್ತೆ ಚಾಲೂ ಮಾಡಿಕೊಳ್ಳುತ್ತವೆ, ಒಳಗಿನಿಂದ ತೆಗೆದ ಟಿಕ್ಕನ್ನು ಅಷ್ಟು ಸುಲಭವಾಗಿ ಮುಟ್ಟುವುದಿಲ್ಲ. ತಿಂಗಳುಗಳಿಂದ ಬಳಸದೇ ಇರುವುದಾದರೆ ಎರಡೂ ಬೇಡ, ಅನ್‌ಇನ್‌ಸ್ಟಾಲ್ ಮಾಡಿಬಿಡಿ. ಅವಧಿ ಮುಗಿದ ಆ ಆ್ಯಂಟಿವೈರಸ್ಸನ್ನು ಇಟ್ಟುಕೊಂಡು ಏನು ಮಾಡುತ್ತೀರಿ? ಅದನ್ನು ತೆಗೆದರೆ ವಿಂಡೋಸಿನ ಸ್ವಂತ ಡಿಫೆಂಡರ್ ತಾನಾಗಿ ಕೆಲಸ ಶುರುಮಾಡುತ್ತದೆ.

ಕೊನೆಯ ಬೆಂಚು
ನನ್ನ ಪಟ್ಟಿಯಲ್ಲಿ ‘ವಿಂಡೋಸ್ ಸೆಕ್ಯುರಿಟಿ ನೋಟಿಫಿಕೇಶನ್’ ಎಂಬುದನ್ನು ಡಿಸೇಬಲ್ ಮಾಡಿದ್ದೇನೆ. ಹಾಗಾದರೆ ಡಿಫೆಂಡರ್ ನಿಂತಿತೇ?

ಹಳೆಯ ವಿಂಡೋಸಿಗ
ಇಲ್ಲ. ಅದು ಗುರಾಣಿಯ ಐಕಾನನ್ನು ತೋರಿಸುವ ತುಣುಕು ಮಾತ್ರ. ಡಿಫೆಂಡರ್ ಸರ್ವಿಸ್ ಆಗಿ, ಅಂದರೆ ವಿಂಡೋಸ್ ತಾನೇ ಹಿನ್ನೆಲೆಯಲ್ಲಿ ನಡೆಸುವ ತಂತ್ರಾಂಶವಾಗಿ, ಓಡುತ್ತದೆ, ಈ ಪಟ್ಟಿಗೆ ಅದು ಸಿಕ್ಕುವುದೇ ಇಲ್ಲ.

ಪೆಂಗ್ವಿನ್ ಪ್ರಿಯ
ಹೇಗೂ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸಿನ ಬದಲು ಲಿನಕ್ಸ್ ಹಾಕಿಬಿಟ್ಟರೆ ಈ ತಾಪತ್ರಯವೇ ಇರುವುದಿಲ್ಲ.

ಅಳೆದು ನೋಡುವವ
ತಾಪತ್ರಯ ಇಲ್ಲ ಎನ್ನಬೇಡಿ. ಲಿನಕ್ಸಿನಲ್ಲೂ ಹೋಮ್ ಫೋಲ್ಡರಿನೊಳಗೆ ‘ಆಟೋಸ್ಟಾರ್ಟ್’ ಎಂಬ ಅಡಗಿದ ಫೋಲ್ಡರ್ ಇದೆ, ಅಲ್ಲಿ ಯಾವ ತಂತ್ರಾಂಶ ಬೇಕಾದರೂ ತನ್ನ ಫೈಲನ್ನು ಇಡಬಹುದು. ಅಲ್ಲಿ ಇಡುವವರ ಸಂಖ್ಯೆ ಕಡಿಮೆ, ಅಷ್ಟೇ.

ಲೆಕ್ಕಪತ್ರ
ನಮ್ಮ ಟೋಕನ್ ಲಿನಕ್ಸಿನಲ್ಲಿ ಸಹಿ ಮಾಡಿದ ದಿನ ನಾನೂ ಬರುತ್ತೇನೆ. ದಯವಿಟ್ಟು ಸ್ಟಾರ್ಟಪ್ಪಿನ ವಿಷಯಕ್ಕೆ ಹಿಂದಿರುಗೋಣ.

ಅಕ್ಷರ ಜೋಡಣೆ
ಹಿಂದಿರುಗುವುದಾದರೆ ನನ್ನದೊಂದು ಪ್ರಶ್ನೆ. ಒಂದು ಅಪ್‌ಡೇಟ್ ತಂತ್ರಾಂಶ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ಪಿನಲ್ಲಿ ಇಲ್ಲ, ಸ್ಟಾರ್ಟಪ್ ಫೋಲ್ಡರಿನಲ್ಲೂ ಇಲ್ಲ, ಆದರೂ ಲಾಗಿನ್ ಆದ ಸ್ವಲ್ಪ ಹೊತ್ತಿಗೆ ಕಿಟಕಿ ತೆರೆದು ‘ಹೊಸ ಆವೃತ್ತಿ ಬಂದಿದೆ’ ಎನ್ನುತ್ತದೆ. ಅದು ಎಲ್ಲಿ ಅಡಗಿದೆ?

ಹಳೆಯ ವಿಂಡೋಸಿಗ
ಅಡಗಲು ಜಾಗಗಳು ಹಲವಿವೆ. ನಿಮ್ಮೊಬ್ಬರ ಸ್ಟಾರ್ಟಪ್ ಫೋಲ್ಡರ್ ಮತ್ತು ಎಲ್ಲ ಬಳಕೆದಾರರ ಸ್ಟಾರ್ಟಪ್ ಫೋಲ್ಡರ್ ಬೇರೆ ಬೇರೆ. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ‘ರನ್’ ಎಂಬ ಕೀಲಿಯೂ (ಫೋಲ್ಡರಿನಂಥ ವಿಭಾಗ) ಹಾಗೆಯೇ ಬಳಕೆದಾರರಿಗೊಂದು, ಇಡೀ ಯಂತ್ರಕ್ಕೊಂದು ಇದೆ. ಇವಿಷ್ಟನ್ನು ಟಾಸ್ಕ್ ಮ್ಯಾನೇಜರ್ ತೋರಿಸುತ್ತದೆ. ಅದು ತೋರಿಸದ ಜಾಗಗಳು ಮುಖ್ಯವಾಗಿ ಎರಡು: ಸರ್ವಿಸುಗಳು ಮತ್ತು ನಿಗದಿತ ಸಂದರ್ಭಕ್ಕೆ ಕೆಲಸಗಳನ್ನು ಶುರುಮಾಡುವ ಟಾಸ್ಕ್ ಶೆಡ್ಯೂಲರ್. ನಿಮ್ಮದು ಬಹುತೇಕ ಶೆಡ್ಯೂಲರಿನಲ್ಲಿದೆ. ಸ್ಟಾರ್ಟ್ ಮೆನುವಿನಲ್ಲಿ ಅದನ್ನು ಹುಡುಕಿ ತೆರೆದು, ‘ಟ್ರಿಗರ್ಸ್’ ಸಾಲಿನಲ್ಲಿ ‘ಅಟ್ ಲಾಗ್ ಆನ್’ ಎಂದಿರುವುದನ್ನು ನೋಡಿ.

ಎಲ್ಲವನ್ನೂ ಒಂದೇ ಕಡೆ ನೋಡಬೇಕಾದರೆ ಮೈಕ್ರೋಸಾಫ್ಟಿನ ಉಚಿತ ‘ಆಟೋರನ್ಸ್’ ಇದೆ. ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಅವರ ಸಿಸ್‌ಇಂಟರ್ನಲ್ಸ್ ಬಳಗದಿಂದ ಬಂದದ್ದು. 2006ರಲ್ಲಿ ಮೈಕ್ರೋಸಾಫ್ಟ್ ಆ ಬಳಗವನ್ನು ಕೊಂಡುಕೊಂಡಿತು. ಇನ್‌ಸ್ಟಾಲ್ ಮಾಡುವ ಅಗತ್ಯವಿಲ್ಲ, ಆಡಳಿತಗಾರರ ಅನುಮತಿಯಲ್ಲಿ ತೆರೆದರೆ ಸಾಕು. ಮೊದಲು ‘ಹೈಡ್ ಮೈಕ್ರೋಸಾಫ್ಟ್ ಎಂಟ್ರೀಸ್’ ಆರಿಸಿಕೊಳ್ಳಿ, ಪಟ್ಟಿ ಗಾಬರಿಪಡಿಸುವಷ್ಟು ಉದ್ದವಿದ್ದದ್ದು ಓದುವಷ್ಟಕ್ಕೆ ಇಳಿಯುತ್ತದೆ. ಹಳದಿ ಬಣ್ಣದಲ್ಲಿ ‘ಫೈಲ್ ನಾಟ್ ಫೌಂಡ್’ ಎಂದಿರುವುವು ಮೇಲೆ ಹೇಳಿದ ವಾರಸುದಾರರಿಲ್ಲದ ನಮೂದುಗಳು. ಟಿಕ್ ತೆಗೆಯಿರಿ, ಡಿಲೀಟ್ ಮಾಡಬೇಡಿ. ಟಿಕ್ಕನ್ನು ಮತ್ತೆ ಹಾಕಬಹುದು, ಅಳಿಸಿದ್ದನ್ನು ತರಲಾಗುವುದಿಲ್ಲ.

ರಿಪೇರಿ ಅಂಗಡಿ
ಶೆಡ್ಯೂಲರಿಗೆ ಹೋದವರು ವಿಂಡೋಸಿನ ಸ್ವಂತ ಫೋಲ್ಡರಿನೊಳಗೆ ಕೈಹಾಕಬೇಡಿ ಎಂದು ದೊಡ್ಡ ಅಕ್ಷರದಲ್ಲಿ ಬರೆಯಬೇಕಿತ್ತು. ಅಲ್ಲಿರುವ ಒಂದು ಟಾಸ್ಕ್, ಟೈಪಿಸುವ ಭಾಷೆ ಮತ್ತು ಕೀಲಿಮಣೆಯನ್ನು ನೋಡಿಕೊಳ್ಳುವ ಸಿಟಿಎಫ್‌ಮಾನ್ ಎಂಬುದನ್ನು ಶುರುಮಾಡುತ್ತದೆ. ಬೇಡದ್ದು ಎಂದು ಅದನ್ನು ನಿಲ್ಲಿಸಿದವರು ಸ್ಟಾರ್ಟ್ ಮೆನುವಿನ ಹುಡುಕುವ ಪೆಟ್ಟಿಗೆಯಲ್ಲಿ ಒಂದು ಅಕ್ಷರವೂ ಬೀಳುತ್ತಿಲ್ಲ, ಕೀಬೋರ್ಡ್ ಬದಲಾಯಿಸಿ ಎಂದು ಬರುತ್ತಾರೆ. ಸರ್ವಿಸುಗಳಲ್ಲೂ ಹಾಗೆಯೇ, ‘ಪ್ರಿಂಟ್ ಸ್ಪೂಲರ್’ ನಿಲ್ಲಿಸಿದರೆ ಪ್ರಿಂಟರ್ ಕೆಲಸ ಮಾಡುವುದಿಲ್ಲ. ಶಾಯಿಯ ಐಕಾನ್ ಬೇರೆ, ಸ್ಪೂಲರ್ ಬೇರೆ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಟಚ್‌ಪ್ಯಾಡಿನ ತಂತ್ರಾಂಶವನ್ನು ನಿಲ್ಲಿಸಿದರೆ ಎರಡು ಬೆರಳಿನಲ್ಲಿ ಪುಟ ಸರಿಸುವುದು ನಿಂತುಹೋಗಬಹುದು, ಅದನ್ನೂ ಬಿಟ್ಟುಬಿಡಿ.

ಹಾಟ್‌ಸ್ಪಾಟ್ ಸಂಸಾರಿ
ಬದಲಾವಣೆ ಮಾಡಿದ ಮೇಲೆ ಶಟ್‌ಡೌನ್ ಮಾಡಿ ಆನ್ ಮಾಡಬೇಕೋ, ರೀಸ್ಟಾರ್ಟ್ ಕೊಡಬೇಕೋ? ಎರಡೂ ಒಂದೇ ಅಲ್ಲವೇ?

ಅಳೆದು ನೋಡುವವ
ವಿಂಡೋಸ್ 8ರಿಂದ ಈಚೆಗೆ ಎರಡೂ ಒಂದೇ ಅಲ್ಲ. ‘ಫಾಸ್ಟ್ ಸ್ಟಾರ್ಟಪ್’ ಚಾಲೂ ಇದ್ದರೆ ಶಟ್‌ಡೌನ್ ಮಾಡಿದಾಗ ನಿಮ್ಮ ಲಾಗಿನ್ ಮುಚ್ಚುತ್ತದೆ, ಆದರೆ ವಿಂಡೋಸಿನ ತಿರುಳು ಮತ್ತು ಡ್ರೈವರುಗಳ ಸ್ಥಿತಿ ಡಿಸ್ಕಿನಲ್ಲಿ ಉಳಿದು ಮರುದಿನ ಅಲ್ಲಿಂದಲೇ ಮುಂದುವರಿಯುತ್ತದೆ. ಸ್ಟಾರ್ಟಪ್ ಪಟ್ಟಿಯ ತಂತ್ರಾಂಶಗಳು ಲಾಗಿನ್‌ಗೆ ಸೇರಿದವು, ಅವುಗಳ ಬದಲಾವಣೆ ಎರಡರಲ್ಲೂ ಕಾಣುತ್ತದೆ. ಸರ್ವಿಸನ್ನೋ ಡ್ರೈವರನ್ನೋ ಬದಲಾಯಿಸಿದ್ದರೆ ರೀಸ್ಟಾರ್ಟ್ ಕೊಟ್ಟು ನೋಡುವುದೇ ಸರಿ. ಒಂದು ಸಲಕ್ಕೆ ಒಂದೆರಡನ್ನು ಮಾತ್ರ ಬದಲಾಯಿಸಿ; ಹತ್ತನ್ನು ಒಟ್ಟಿಗೆ ನಿಲ್ಲಿಸಿ ಏನೋ ಕೆಟ್ಟರೆ ಯಾವುದರಿಂದ ಕೆಟ್ಟಿತೆಂದು ಹುಡುಕುವುದೇ ಒಂದು ಕೆಲಸವಾಗುತ್ತದೆ.

ದೂರದ ಮಗ
ಅಪ್ಪನ ಕಂಪ್ಯೂಟರಿನಲ್ಲಿ ಇನ್ನೊಂದು ವಿಚಿತ್ರವಿದೆ. ಮೌಸನ್ನು ಐಕಾನುಗಳ ಸಾಲಿನ ಮೇಲೆ ಎಳೆದರೆ ಕೆಲವು ಐಕಾನುಗಳು ಥಟ್ಟನೆ ಮಾಯವಾಗುತ್ತವೆ. ಅನ್‌ಇನ್‌ಸ್ಟಾಲ್ ಮಾಡಿದ ತಂತ್ರಾಂಶಗಳ ಹೆಸರುಗಳು ಟಾಸ್ಕ್‌ಬಾರ್ ಸೆಟ್ಟಿಂಗಿನ ಪಟ್ಟಿಯಲ್ಲೂ ಇನ್ನೂ ಇವೆ.

ಹಳೆಯ ವಿಂಡೋಸಿಗ
ಮಾಯವಾಗುವುವು ಸತ್ತ ತಂತ್ರಾಂಶಗಳ ಐಕಾನುಗಳು. ಮುಚ್ಚುವಾಗ ತನ್ನ ಐಕಾನನ್ನು ತೆಗೆದುಹಾಕುವಂತೆ ತಿಳಿಸುವುದು ಆಯಾ ತಂತ್ರಾಂಶದ ಜವಾಬ್ದಾರಿ. ಅದು ನಡುವೆ ಕುಸಿದುಬಿದ್ದರೆ ಅಥವಾ ಟಾಸ್ಕ್ ಮ್ಯಾನೇಜರಿನಿಂದ ಬಲವಂತವಾಗಿ ಮುಗಿಸಿದರೆ ತಿಳಿಸುವವರೇ ಇರುವುದಿಲ್ಲ. ಮೌಸ್ ಮೇಲೆ ಬಂದಾಗ ವಿಂಡೋಸ್ ಅದಕ್ಕೆ ಸುದ್ದಿ ಮುಟ್ಟಿಸಲು ಹೋಗಿ, ಆ ಕಡೆ ಯಾರೂ ಇಲ್ಲವೆಂದು ಕಂಡು ಐಕಾನನ್ನು ತೆಗೆಯುತ್ತದೆ. ಅದರಿಂದ ತೊಂದರೆಯಿಲ್ಲ, ಆದರೆ ಒಂದೇ ಐಕಾನ್ ಪದೇ ಪದೇ ಹೀಗಾಗುತ್ತಿದ್ದರೆ ಆ ತಂತ್ರಾಂಶ ಪದೇ ಪದೇ ಕುಸಿಯುತ್ತಿದೆ ಎಂದು ತಿಳಿಯಿರಿ.

ಸೆಟ್ಟಿಂಗಿನಲ್ಲಿ ಉಳಿದ ಹೆಸರುಗಳು ವಿಂಡೋಸ್ 10ರಲ್ಲಿ ರಿಜಿಸ್ಟ್ರಿಯ ‘ಟ್ರೇನೋಟಿಫೈ’ ಕೀಲಿಯೊಳಗಿನ ‘ಐಕಾನ್‌ಸ್ಟ್ರೀಮ್ಸ್’ ಮತ್ತು ‘ಪಾಸ್ಟ್‌ಐಕಾನ್ಸ್‌ಸ್ಟ್ರೀಮ್’ ಎಂಬ ಎರಡು ಮೌಲ್ಯಗಳಲ್ಲಿವೆ. ಕೀಲಿಯನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡು, ಆ ಎರಡನ್ನು ಮಾತ್ರ ಅಳಿಸಿ, ಟಾಸ್ಕ್ ಮ್ಯಾನೇಜರಿನಲ್ಲಿ ವಿಂಡೋಸ್ ಎಕ್ಸ್‌ಪ್ಲೋರರನ್ನು ರೀಸ್ಟಾರ್ಟ್ ಮಾಡಿದರೆ ಪಟ್ಟಿ ಹೊಸದಾಗಿ ಕಟ್ಟಿಕೊಳ್ಳುತ್ತದೆ.

ಅಳೆದು ನೋಡುವವ
ವಿಂಡೋಸ್ 11ರ 22ಎಚ್2 ಮತ್ತು ನಂತರದ ಆವೃತ್ತಿಯವರು ಆ ಕೀಲಿಯನ್ನು ಹುಡುಕಿ ಪ್ರಯೋಜನವಿಲ್ಲ. ಅಲ್ಲಿ ‘ಕಂಟ್ರೋಲ್ ಪ್ಯಾನೆಲ್’ ಕೀಲಿಯೊಳಗಿನ ‘ನೋಟಿಫೈಐಕಾನ್‌ಸೆಟ್ಟಿಂಗ್ಸ್’ ಎಂಬಲ್ಲಿ ಪ್ರತಿ ಐಕಾನಿಗೂ ಒಂದೊಂದು ಉಪಕೀಲಿ ಇರುತ್ತದೆ, ಬೇಡದ್ದನ್ನು ಅದರೊಳಗಿನ ವಿಳಾಸ ಓದಿ ಗುರುತಿಸಿ ತೆಗೆಯಬಹುದು.

ರಿಪೇರಿ ಅಂಗಡಿ
ಅಪ್ಪನವರ ಕಂಪ್ಯೂಟರಿನಲ್ಲಿ ರಿಮೋಟ್ ಮೂಲಕ ಎಕ್ಸ್‌ಪ್ಲೋರರನ್ನು ರೀಸ್ಟಾರ್ಟ್ ಮಾಡುವಾಗ ಪರದೆಯ ಕೆಳಗಿನ ಪಟ್ಟಿ ಒಂದು ಕ್ಷಣ ಕಾಣೆಯಾಗುತ್ತದೆ. ಅವರಿಗೆ ಮೊದಲೇ ಹೇಳಿಡಿ, ಇಲ್ಲವಾದರೆ ಹೆದರಿ ಪವರ್ ಬಟನ್ ಒತ್ತಿಬಿಟ್ಟಾರು.